ಮಗುಚಿದ ಗುಡ್ಡ

ಇವತ್ತು ಬೆಳಿಗ್ಗೆ ದೋಸೆ ಸೀದಿತು. ಹಿಟ್ಟು ಹೊಯ್ದು, ಪಾಠಕ್ಕೆಂದು ಬಾಹ್ಯಾಕಾಶದಿಂದ ತೆಗೆದ ಗುಡ್ಡಗಳ ಫೋಟೋ ಹುಡುಕುತ್ತಾ ಫೋನಿನಲ್ಲಿ ಮುಳುಗಿದ್ದೆ. ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನಾಶಿಕದ ಬಳಿಯ ದೇವಳಾಲಿ ಕ್ಯಾಂಪಿನ ಹೋಟೆಲ್ ಮಾಮಾ ಕಿವಿಯಲ್ಲೇ ಕೂಗಿದಂತಾಯಿತು... "ಮಗುಚು!"

ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಧಾರವಾಡದಿಂದ ಅಲ್ಲಿಗೆ ಹೋದಾಗ ನಾನು ಏಳನೇ ಇಯತ್ತೆ. ಮರಾಠಿ ಬಾಯಿಗೆ ಬರುತ್ತಿರಲಿಲ್ಲ, ಶಾಲೆಯಲ್ಲಿ ನನ್ನ ಹೆಸರು 'ಮುಕೀ', ಅಂದರೆ ಮೂಗಿ. ಶಾಲೆ ಬಿಟ್ಟ ಮೇಲೆ ಮಾಮಾನ ಹೋಟೆಲಿನಲ್ಲಿ ಕೂರುತ್ತಿದ್ದೆ. ಕುಂದಾಪುರದ ಕಡೆಯವರು, ಪುಣ್ಯಾತ್ಮ, ಗಲ್ಲಾದಿಂದಲೇ ಒಳಗಿನ ದೋಸೆಯವನಿಗೆ "ಮಗುಚು!" ಎಂದು ಕೂಗುತ್ತಿದ್ದರು. ಆ ಮಾತು ನಮ್ಮ ಧಾರವಾಡದ ಕಡೆ ಇಲ್ಲ, ನನ್ನನ್ನೇ ಮುದ್ದಿನಿಂದ 'ಮಗು' ಅನ್ನುತ್ತಾರೆಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಆ ವರ್ಷ ಸಂಭಾಜಿನಗರದ ವಿಜ್ಞಾನ ಪ್ರದರ್ಶನಕ್ಕೆ ಶಾಲೆಯಿಂದ ಒಬ್ಬರನ್ನೇ ಕಳಿಸುವುದಿತ್ತು. ಅಂತರಿಕ್ಷದಿಂದ ತೆಗೆದ ಒಂದು ಫೋಟೋದಲ್ಲಿರುವ ವಿಚಿತ್ರವನ್ನು ಇಡೀ ವರ್ಗದೆದುರು ವಿವರಿಸಿ ಗೆಲ್ಲಬೇಕು. ಮುಕೀ ಅನ್ನಿಸಿಕೊಂಡು ಸಾಕಾಗಿತ್ತು, ಹೋಗಲೇಬೇಕೆಂದು ಹಟ ಹಿಡಿದೆ. ನಾಶಿಕದ ಸುತ್ತಲಿನ ಫೋಟೋ ತಂದು ಹೋಟೆಲಿನ ಮೇಜಿನ ಮೇಲೆ ಹರಡಿದರೆ, ನಕಾಶೆಯಲ್ಲಿ ಗುಡ್ಡ ಇದ್ದ ಕಡೆಯೆಲ್ಲ ಗುಂಡಿಗಳು!

"ತೆಗ್ಗ ಐತ್ರೀ ಮಾಮಾ ಇಲ್ಲಿ."

ಎದುರಿಗೆ ಕುಳಿತಿದ್ದ ಮಾಮಾ ಕನ್ನಡಕ ಏರಿಸಿದರು. "ಹೊಂಡ ಎಲ್ಲುಂಟು ಮಾರಾಯ್ತಿ? ಗುಡ್ಡ ಅಲ್ವಾ ಅದು!"

ಇಬ್ಬರೂ ಬಿಡಲಿಲ್ಲ. ನಾಳೆಯೇ ಹೇಳಬೇಕು, ನನಗೆ ಅಳುವೇ ಬಂತು. ಕೊನೆಗೆ ಅವರು, "ಮಗುಚು!" ಅಂದರು.

"ಏನ್ರೀ?"

"ಮಗುಚು ಅಂದೆ!"

"ಇಲ್ಲೇ ಅದೀನಲ್ರೀ ಮಾಮಾ!"

ಅಯ್ಯೋ, ಆ ನಗು! ಕೆಮ್ಮು ಬರುವವರೆಗೆ ನಕ್ಕರು. ದೋಸೆಯಿರಲಿ, ಪೇಪರಿರಲಿ, ತಿರುಗಿಸುವುದೆಲ್ಲ ಅವರ ಬಾಯಲ್ಲಿ ಮಗುಚುವುದೇ. ಫೋಟೋವನ್ನು ತಲೆಕೆಳಗಾಗಿ ನನ್ನೆದುರಿಟ್ಟರು. ಗುಂಡಿಗಳೆಲ್ಲ ಎದ್ದು ಗುಡ್ಡಗಳಾದವು! ಬೆಳಕು ಮೇಲಿನಿಂದಲೇ ಬೀಳುತ್ತದೆಂದು ಕಣ್ಣು ನಂಬಿರುತ್ತದೆ, ಆ ಫೋಟೋದಲ್ಲಿ ಬಿಸಿಲು ಕೆಳಗಡೆಯಿಂದ, ದಕ್ಷಿಣದಿಂದ ಬಿದ್ದಿತ್ತು.

ಮರುದಿನ ತೊದಲುತ್ತಲೇ ಹೇಳಿದೆ, ಫೋಟೋ ತಿರುಗಿಸಿ ತೋರಿಸಿದೆ. ಸಂಭಾಜಿನಗರಕ್ಕೆ ಹೋದವಳು ನಾನೇ. ಅವತ್ತಿನಿಂದ ಮಾಮಾನಿಗೆ ನಾನು 'ಮಗುಚು'. ಊರು ಬಿಟ್ಟ ದಿನವೂ ಹಾಗೆಯೇ ಕರೆದು, ಕೈಗೊಂದು ದೋಸೆಯ ಪೊಟ್ಟಣ ಕೊಟ್ಟಿದ್ದರು...

ಕಳೆದ ವರ್ಷ ಹೋದಾಗ ಹೋಟೆಲಿದ್ದಲ್ಲಿ ಮೊಬೈಲ್ ಅಂಗಡಿ. ಮಾಮಾ ತೀರಿಕೊಂಡು ಎಷ್ಟೋ ದಿನವಾಗಿತ್ತಂತೆ. ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಈಗ ನಾನು ಅದೇ ಸಂಭಾಜಿನಗರದ ಹತ್ತಿರದ ವಾಳೂಜಿನ ಶಾಲೆಯೊಂದರಲ್ಲಿ ಟೀಚರು. ಇವತ್ತು ಫೋಟೋ ತೋರಿಸಿದಾಗ ಮಕ್ಕಳೆಲ್ಲ "ಖಡ್ಡಾ, ಖಡ್ಡಾ" ಎಂದು ಕೂಗಿದರು, ಅವರ ಕಣ್ಣಿಗೂ ಗುಂಡಿಯೇ. ನನಗರಿವಿಲ್ಲದೆಯೇ "ಮಗುಚು!" ಅಂದುಬಿಟ್ಟೆ. ಕೈಯಿಂದ ತಿರುಗಿಸುವ ಸನ್ನೆಯನ್ನೂ ಮಾಡಿದೆ. ಜೂನ್‌ನಿಂದ ಒಂದು ಮಾತೂ ಆಡದ ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು, ನನ್ನ ಕೈಸನ್ನೆ ನೋಡಿ ಫೋಟೋ ತಿರುಗಿಸಿದಳು.

"ಡೋಂಗರ್!" ಅಂದಳು, ಗುಡ್ಡ ಅಂತ. ಆಮೇಲೆ ಮೆಲ್ಲಗೆ ಅರ್ಥ ಕೇಳಿದಳು, "ಮಗುಚು ಮ್ಹಣಜೇ ಕಾಯ್, ಟೀಚರ್?"

ಅವಳ ಎತ್ತರಕ್ಕೆ ಬಗ್ಗಿದೆ.

"ಮಾಝಂ ನಾವ್," ಅಂದೆ. ನನ್ನ ಹೆಸರು.