ಎರಡೂ ಕೈ ಬೇಕಾದ ಮಾತು

ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ನಿಂತು ಗೆದ್ದವನು ನಾನು. ಹನೂರಿನ ನಮ್ಮ ಬೀದಿಯ ಅಕ್ಕ ಭಾನುವಾರಗಳಂದು ವಯಸ್ಸಾದವರಿಗೆ ಬಿಟ್ಟಿಯಾಗಿ ಮೊಬೈಲ್ ಕಲಿಸುತ್ತಾಳೆಂದು ಗೊತ್ತಾದಾಗ ವಿರೋಧದ ಕಡೆ ನಿಂತೆ. ಕಚೇರಿಗಳು ತಮ್ಮ ಕೆಲಸವನ್ನು ಮುದುಕರ ಬೆರಳಿಗೆ ದಾಟಿಸುತ್ತಿವೆ, ನೀನು ಅದಕ್ಕೆ ಕೂಲಿಯಿಲ್ಲದ ಆಳು ಎಂದೆ.

"ಇರ್ಬೌದು ಕಣ್ಲಾ. ಬಂದು ಕೂತ್ಕ" ಎಂದಳು ಅಕ್ಕ.

ಆ ಭಾನುವಾರ ಅವಳು ಕಲಿಸುವ ಶಾಲೆಯ ಕೊಠಡಿಗೆ ಹೋದಾಗ ಮುಂದಿನ ಬೆಂಚಿನಲ್ಲಿ ರಾಮಾಪುರದ ಅಜ್ಜಿಯೊಬ್ಬಳು ಕೂತಿದ್ದಳು. ಅವಳ ತಂಗಿ ಇರುವುದು ಯಳಂದೂರಿನ ಕಡೆಯ ಅಗರದಲ್ಲಿ. ಬಸ್ಸಿನ ಮೇಲೆ ಬಸ್ಸು ಬದಲಾಯಿಸಿ ಅಲ್ಲಿಗೆ ಹೋಗಲು ಅಜ್ಜಿಯ ಮಂಡಿ ಈಗ ಬಿಡುತ್ತಿಲ್ಲ. ತಂಗಿಗೆ ಹುಟ್ಟಿನಿಂದ ಕಿವಿಯಿಲ್ಲ, ಮಾತಿಲ್ಲ.

"ಕಿವಿ ಕೇಳದವರಿಗೆ ಫೋನ್ ಯಾಕಜ್ಜಿ?" ಎಂದೆ.

"ಕಣ್ ಕಾಣ್ತದಲ್ಲಪ್ಪ" ಎಂದಳು.

ತಂಗಿಯ ಫೋಟೊ ಒತ್ತಿದರೆ ವಿಡಿಯೊ ಕರೆ ಹೋಗುವಂತೆ ಅಕ್ಕ ಮಾಡಿಟ್ಟಿದ್ದಳು. ಎಡಗೈಲಿ ಹಿಡಿ, ಬಲಗೈಲಿ ಒತ್ತು ಎಂದು ಕಲಿಸಿದಳು. ಅಜ್ಜಿ ಒತ್ತಿದಳು, ಅಲ್ಲಿ ಮನೆಯವರು ಹಿಡಿದ ಫೋನಿನಲ್ಲಿ ತಂಗಿ ಕಂಡಳು. ಬಲಗೈ ಎತ್ತಿದ ಅಜ್ಜಿ ಅಲ್ಲೇ ನಿಲ್ಲಿಸಿದಳು.

"ಒಂದ್ ಕೈಲಿ ಇದ್ನ ಇಡ್ಕಂಡ್ರೆ ನನ್ ಅರ್ಧ ಮಾತೇ ಕಟ್ಟೋಯ್ತದಲ್ಲವ್ವ."

ಅಕ್ಕ ತಾನು ಹಿಡಿಯಲು ಹೋದಳು.

"ನೀನೇನ್ ದಿನಾ ರಾಮಾಪುರಕ್ ಬತ್ತೀಯಾ ಇಡ್ಕಳಾಕೆ?"

ಅಕ್ಕ ತನ್ನ ಟವೆಲನ್ನು ಹುರಿ ಮಾಡಿ, ಬಿಂದಿಗೆ ಹೊರುವಾಗ ತಲೆಗಿಟ್ಟುಕೊಳ್ಳುವಂಥ ಸಿಂಬೆ ಸುತ್ತಿ ಬೆಂಚಿನ ಮೇಲಿಟ್ಟಳು. ಫೋನನ್ನು ಅದರೊಳಗೆ ಊರಿದಳು. ನಿಂತಿತು.

ಅಜ್ಜಿಯ ಎರಡೂ ಕೈ ಎದ್ದವು. ಅಗರದಲ್ಲೂ ಎದ್ದವು. ಹಣೆ ಮುಟ್ಟಿ, ಮೊಣಕೈ ತಟ್ಟಿ, ಬೆರಳು ಬಿಡಿಸಿ ಮಡಿಸಿ, ಎಂಥ ವೇಗ. ಯಾವ ಶಾಲೆಯೂ ಕಲಿಸದೆ, ಇಬ್ಬರು ಹುಡುಗಿಯರು ಒಂದು ಹಟ್ಟಿಯಲ್ಲಿ ಆಡುತ್ತಾ ಕಟ್ಟಿಕೊಂಡ ಭಾಷೆ ಅದು. ಅಷ್ಟು ಸಲೀಸಾಗಿ ಆಡಬಲ್ಲವರು ಲೋಕದಲ್ಲಿ ಅವರಿಬ್ಬರೇ. ಕೊಠಡಿಯಲ್ಲಿ ಬಳೆ ಸದ್ದೊಂದೇ. ನಾನು ಮಾತ್ರ ಅಜ್ಜಿಯ ಹಿಂದೆ ನಿಂತು, ಅದೇನು, ಇದೇನು ಎಂದು ಅಕ್ಕನನ್ನು ಕೇಳುತ್ತಲೇ ಇದ್ದೆ.

ಅಜ್ಜಿ ನಗತೊಡಗಿದಳು. "ಹಿಂದ್ಗಡೆ ಇರೋನು ಅವಾಗ್ಲಿಂದ ಬಾಯಾಡುಸ್ತಾನೇ ಅವ್ನೆ, ಏನ್ ತಿಂತಾವ್ನೆ ಅಂತ ನನ್ ತಂಗಿ ಕೇಳ್ತಾವ್ಳೆ."

ಬಾಯಿ ಮುಚ್ಚಿದೆ.

ಕರೆ ಮುಗಿದ ಮೇಲೆ ಅಜ್ಜಿ ಫೋನ್ ಎತ್ತಿ, ಸಿಂಬೆ ಬಿಚ್ಚಿ ಟವೆಲ್ ಕೊಡವಿದಳು. "ನೀನ್ ಅತ್ಲಾಗ್ ಓಗಿ ಕೂತ್ಕವ್ವ" ಎಂದು ಅಕ್ಕನನ್ನು ಬಾಗಿಲವರೆಗೆ ಕಳಿಸಿದಳು. ಟವೆಲನ್ನು ತಾನೇ ಹುರಿ ಮಾಡಿದಳು, ಸುತ್ತಿದಳು, ಫೋನ್ ಊರಿ ಫೋಟೊ ಒತ್ತಿದಳು. ಅಕ್ಕ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಕಾದಳು. ನಾನೂ ಹೋಗಿ ಅವಳ ಪಕ್ಕ ಕೂತೆ.

ತಂಗಿ ಮತ್ತೆ ಕಂಡಳು. ಅಜ್ಜಿ ನಮ್ಮ ಕಡೆ ತಿರುಗಲೂ ಇಲ್ಲ. ಅವಳ ಎರಡೂ ಕೈ ಆಗಲೇ ಅಗರದಲ್ಲಿದ್ದವು.