ಉಗುರಿನ ಮೇಲೊಂದು ಗೀರು

ರುಕ್ಮಕ್ಕನ ಎಡಗೈ ಹೆಬ್ಬೆರಳಿನ ಉಗುರು ನುಣುಪಾಗಿದ್ದುದನ್ನು ನಾನು ಒಂದೇ ಒಂದು ಸಲ ಕಂಡೆ. ಆಕೆ ನಮ್ಮಲ್ಲಿ ಕೆಲಸಕ್ಕಿದ್ದಷ್ಟು ದಿನ ಅದರ ತುಂಬ ಗೀರುಗಳೇ. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಹಲ್ಲಿನ ದವಾಖಾನೆಗೆ ಹೊಸ ಉಪಕರಣಗಳ ಪೆಟ್ಟಿಗೆ ಬಂದರೆ, ಆಕೆ ಒಂದೊಂದರ ತುದಿಯನ್ನೂ ಆ ಉಗುರಿನ ಮೇಲೆ ಎಳೆದು ನೋಡಿಯೇ ಸ್ಟರಿಲೈಸರಿಗೆ ಹಾಕುತ್ತಿದ್ದಳು.

"ಸ್ಟೀಲ್ ಕಚ್ಚತೈತ್ರಿ, ಪ್ಲಾಸ್ಟಿಕ್ ಜಾರತೈತಿ, ಟೈಟಾನಿಯಂ ಮೆತ್ತಗ ಹಿಡೀತೈತಿ," ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಕಂಪನಿಯವರು ಚೀಟಿ ಅಂಟಿಸಿಯೇ ಕಳಿಸಿರುತ್ತಾರಲ್ಲ!

ಆಕೆ ಖಾನಾಪುರದಿಂದ ದಿನಾ ಬಸ್ಸಿಗೆ ಬರುವ ಸಹಾಯಕಿ. ನಾನು ಓದು ಮುಗಿಸಿ ಬಂದ ಹೊಸ ಡಾಕ್ಟರು, ಮೂಗಿನ ತುದಿಯಲ್ಲೇ ಸಿಟ್ಟು. ಒಮ್ಮೆ ಕಣಕುಂಬಿಯ ಮಾಸ್ತರರೊಬ್ಬರು ತಮ್ಮ ಇಂಪ್ಲಾಂಟ್ ಸ್ವಚ್ಛ ಮಾಡಿಸಲು ಬಂದರು. ಕೃತಕ ಹಲ್ಲಿಗಾಗಿ ದವಡೆಯಲ್ಲಿ ಕೂರಿಸಿದ ಟೈಟಾನಿಯಂ ಬೇರಿನ ಸುತ್ತ ಕಿಟ್ಟ ಗಟ್ಟಿಯಾಗಿತ್ತು. ನಾನು ಅದನ್ನು ಕೆರೆದು ತೆಗೆಯುವ ಸ್ಟೀಲಿನ ಸ್ಕೇಲರ್ ಕೇಳಿ ಕೈ ಚಾಚಿದೆ. ಬಂದದ್ದು ಟೈಟಾನಿಯಂನದು. ತಿರುಗಿ ಕೊಟ್ಟೆ. ಮತ್ತೆ ಅದೇ ಬಂತು.

"ಅಕ್ಕಾ, ಸ್ಟೀಲಿಂದ ಕೊಡ್ರಿ ಅಂದ್ನಲ್ಲ."

"ಸಾಹೇಬ್ರ, ಅದು ಹಲ್ಲಲ್ಲರಿ. ಗೀರ ಬಿದ್ದರ ಗೀರಿನಾಗ ಹೊಲಸು ಮನಿ ಮಾಡತೈತಿ. ಮಾಸ್ತರ್ರು ಇದರಾಗ ಇನ್ನ ಭಾಳ ವರ್ಷ ಉಣಬೇಕು."

ರೋಗಿಯ ಎದುರಿಗೇ! ಮಾಸ್ತರರು ಬಾಯಿ ತೆರೆದುಕೊಂಡೇ ಆಕೆಯತ್ತ ತಲೆಯಾಡಿಸಿದರು. ಹಲ್ಲು ಕಚ್ಚಿಕೊಂಡು ಆಕೆ ಕೊಟ್ಟದ್ದರಲ್ಲೇ ಕೆಲಸ ಮುಗಿಸಿದೆ. ಸಂಜೆ ಆಕೆ ಹಳೆಯ ಇಂಪ್ಲಾಂಟ್ ತುಂಡೊಂದರ ಮೇಲೆ ಎರಡೂ ತುದಿಗಳನ್ನು ಎಳೆದು, ಭೂತಗನ್ನಡಿ ನನ್ನ ಕೈಗಿಟ್ಟಳು. ಸ್ಟೀಲ್ ಆಡಿದ ಕಡೆ ಹರಗಿದ ಹೊಲದಂತಿತ್ತು. ತಪ್ಪಾಯಿತೆಂದು ನಾನು ಹೇಳಲಿಲ್ಲ. ಅದು ಬಹಳ ವರ್ಷ ನನ್ನನ್ನು ಚುಚ್ಚಿತು.

ರುಕ್ಮಕ್ಕ ಕೆಲಸ ಬಿಟ್ಟ ಮೇಲೆ ಆಕೆಗೂ ನಾನೇ ಒಂದು ಇಂಪ್ಲಾಂಟ್ ಕೂರಿಸಿದೆ. ಆರು ತಿಂಗಳಿಗೊಮ್ಮೆ ಸ್ವಚ್ಛ ಮಾಡಿಸಲು ಬರುತ್ತಿದ್ದಳು. ಕುರ್ಚಿಯಲ್ಲಿ ಕುಳಿತು ಕನ್ನಡಕ ಏರಿಸಿ, "ಮೊದಲ ತೋರಸ್ರಿ," ಎನ್ನುವಳು. ಸ್ಕೇಲರ್ ನೋಡದೆ ಬಾಯಿ ತೆರೆದವಳೇ ಅಲ್ಲ.

"ಇನ್ನೂ ನನ್ನ ಮ್ಯಾಲ ನಂಬಿಕಿ ಇಲ್ಲೇನಕ್ಕಾ?"

"ನಂಬಿಕಿ ಬ್ಯಾರೆ, ನೋಡೂದ ಬ್ಯಾರೆ ರೀ."

ಕೊನೆಯ ಸಲ ಮಗಳ ಕೈ ಹಿಡಿದು ಬಂದಳು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದ್ದವು. ನಾನು ರೂಢಿಯಂತೆ ಸ್ಕೇಲರನ್ನು ಮುಖದ ಮುಂದೆ ಹಿಡಿದು, ಹಿಡಿದ ಮೇಲೆ ನಾಚಿದೆ. ಆಕೆ ಎಡಗೈ ಹೆಬ್ಬೆರಳನ್ನು ಮುಂದೆ ಮಾಡಿದಳು. ಉಗುರಿನ ಮೇಲೆ ಒಂದೂ ಗೀರಿರಲಿಲ್ಲ. ತುದಿಯನ್ನು ಅದರ ಮೇಲೆ ಮೆಲ್ಲಗೆ ಎಳೆದೆ; ಸಣ್ಣದೊಂದು ಗೀರು ಮೂಡಿತು.

"ಟೈಟಾನಿಯಂ. ಮಾಡ್ರಿನ್ನ," ಎಂದು ಬಾಯಿ ತೆರೆದಳು.

ಉಗುರಿಗೆ ತಾಗಿದ ಅದನ್ನು ಬದಿಗಿಟ್ಟು, ಸ್ವಚ್ಛವಾದ ಅಂಥದೇ ಇನ್ನೊಂದನ್ನು ತೆಗೆದುಕೊಂಡೆ. ಕೆಲಸದ ನಡುವೆ, ಆಕೆ ಉತ್ತರಿಸಲಾಗದ ಹೊತ್ತು ನೋಡಿ, "ಅವತ್ತ ಮಾಸ್ತರ್ರ ಮುಂದ ತಪ್ಪು ನಂದ ಇತ್ತಕ್ಕಾ," ಎಂದೆ. ಆಕೆ ನನ್ನ ಮೊಣಕೈಯನ್ನು ಎರಡು ಸಲ ತಟ್ಟಿದಳು.

ಉಗುರಿನ ಮೇಲೆ ಬಿದ್ದ ಗೀರು ಬೆಳೆದು ಮರೆಯಾಗಲು ನಾಲ್ಕೈದು ತಿಂಗಳು ಬೇಕು. ರುಕ್ಮಕ್ಕ ಅಷ್ಟು ದಿನ ಇರಲಿಲ್ಲ.