ಮಾವನವರು ಆರಿಸಿದ ಕೋಡಿನ ಬಿಲ್ಲು

ಸಿಟ್ಟು ಬಂದಾಗ ಕೆಲವರು ಗಂಗಾಳ ಎಸೆಯುತ್ತಾರೆ, ಕೆಲವರು ಊಟ ಬಿಡುತ್ತಾರೆ. ನನ್ನ ಮಾವನವರು ಆಣೆ ಮಾಡುತ್ತಿದ್ದರು. ಒಮ್ಮೆ ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತೆಂದು ಇನ್ನು ಜನ್ಮದಲ್ಲಿ ಚಹಾ ಮುಟ್ಟುವುದಿಲ್ಲ ಎಂದು ಆಣೆ ಮಾಡಿ, ಸಂಜೆಯವರೆಗೆ ತಲೆನೋವಿನಿಂದ ನರಳಿದರು. ಇದು ಚಹಾ ಅಲ್ಲ, ಕಷಾಯ ಎಂದು ಅತ್ತೆಯವರು ಮುಖ ಬಿಗಿದುಕೊಂಡು ಹೇಳಿದ ಮೇಲೆ ಎರಡು ಬಟ್ಟಲು ಕುಡಿದರು. ಮನೆಯೊಳಗಿನ ಆಣೆಗಳಿಗೆ ಹೀಗೆ ಏನಾದರೊಂದು ದಾರಿ ಸಿಗುತ್ತಿತ್ತು. ಊರವರ ಮುಂದೆ ಮಾಡಿದ ಆಣೆಗೆ ದಾರಿ ಸಿಗುವುದಿಲ್ಲ. ನಾನು ಹೇಳುತ್ತಿರುವುದು ಅಂಥದೊಂದು ಆಣೆಯ ವಿಷಯ.

ಎಂಬತ್ತರ ದಶಕದ ನಡುವಿನ ಮಾತು. ನಾನು ಕಲಘಟಗಿಯ ಕಡೆಯವಳು. ಬಮ್ಮಿಗಟ್ಟಿಯ ಆಚೆ ಕಾಡಂಚಿನ ಹಳ್ಳಿಯಿಂದ ನವಲಗುಂದದ ಬಯಲಿಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ತವರಿನಲ್ಲಿ ಹಿತ್ತಿಲ ಬಾಗಿಲು ತೆಗೆದರೆ ಬಿದಿರು. ಇಲ್ಲಿ ಯಮನೂರಿನ ದಿಕ್ಕಿಗೆ ಮುಖ ಮಾಡಿ ನಿಂತರೆ ಕಣ್ಣು ಹೋದಷ್ಟು ದೂರವೂ ಕರಿಮಣ್ಣು. ನೆರಳು ಬೇಕೆಂದರೆ ಎತ್ತಿನ ಬಾಜು ನಿಲ್ಲಬೇಕು. ಆ ಬಯಲಿನಲ್ಲಿ ಚಿಗರಿಗಳಿದ್ದವು. ಪುಸ್ತಕದಲ್ಲಿ ಕೃಷ್ಣಮೃಗ ಎಂದು ಬರೆಯುತ್ತಾರೆ. ಅಷ್ಟು ಚೆಂದದ ಪ್ರಾಣಿ ಇನ್ನೊಂದಿಲ್ಲ, ಅದು ಬೇರೆಯವರ ಹೊಲದಲ್ಲಿ ಇರುವ ತನಕ.

ಆ ವರ್ಷ ನಮ್ಮ ಕಡಲೆ ಹೊಲ ಮೊಳಕಾಲೆತ್ತರ ಬಂದು ಹೂವು ಬಿಟ್ಟಿತ್ತು. ಒಂದು ಹಿಂಡು ದಿನಾ ಬೆಳಗಿನ ಜಾವ ಬಂದು ಮೇಯತೊಡಗಿತು. ಹಿಂಡಿನ ಮುಂದೆ ತಿರುಚಿದ ಕೋಡಿನ ಒಂದು ಕರಿ ಗಂಡು. ಡಬ್ಬಿ ಬಡಿದರೆ ನಿಂತು ಕೇಳಿಸಿಕೊಳ್ಳುತ್ತಿತ್ತು, ಬೆದರುಗೊಂಬೆಯ ಬಗಲಿಗೇ ಮೇಯುತ್ತಿತ್ತು. ಒಂದು ದಿನ ಚಾವಡಿಯಲ್ಲಿ ಯಾರೋ, "ಗೌಡ್ರ, ನಿಮ್ಮ ಹೊಲಾನ ಈ ವರ್ಷ ಚಿಗರಿಗೆ ಲಾವಣಿ ಹಾಕೀರೇನ್ರಿ?" ಎಂದು, ಹೊಲ ಗೇಣಿಗೆ ಕೊಟ್ಟವರನ್ನು ಕೇಳುವಂತೆ ಕೇಳಿ ನಕ್ಕರಂತೆ. ಮಾವನವರು ಎದ್ದು ನಿಂತು, ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಆ ಕರೀ ಗಂಡಿಗೆ ಬಾಣ ನಡೂ ತನಕ ನಾ ರುಮಾಲ ಸುತ್ತೂದಿಲ್ಲ" ಎಂದು ಹೇಳಿ ಬರಿ ತಲೆಯಲ್ಲಿ ಮನೆಗೆ ಬಂದರು.

ನಮ್ಮ ಕಡೆ ಹಿರಿಯ ಗಂಡಸು ಬರಿ ತಲೆಯಲ್ಲಿ ಬೀದಿಗೆ ಬಂದರೆ ಮನೆಯಲ್ಲಿ ಏನು ಕೆಟ್ಟದಾಯಿತೋ ಎಂದು ಜನ ನಿಲ್ಲಿಸಿ ಕೇಳುತ್ತಾರೆ. ಅದೂ ಹೋಗಲಿ, ನನ್ನ ನಾದಿನಿಯ ಮದುವೆ ಮಾಘ ಮಾಸಕ್ಕೆ ಗೊತ್ತಾಗಿತ್ತು. ಬೀಗರನ್ನು ಇದಿರುಗೊಳ್ಳಬೇಕಾದ ಹೆಣ್ಣಿನ ತಂದೆ ತಲೆಯ ಮೇಲೆ ಏನೂ ಇಲ್ಲದೆ ನಿಲ್ಲುವುದನ್ನು ಯಾರೂ ಕಂಡಿರಲಿಲ್ಲ. ಆದರೆ ನಮ್ಮದು ಲಿಂಗ ಕಟ್ಟಿದ ಮನೆತನ. ಮಾಂಸ ದೂರದ ಮಾತು, ಮೊಟ್ಟೆಯ ಬಣ್ಣ ಯಾವುದೆಂದು ನಮ್ಮ ಅಡಿಗೆ ಮನೆಗೆ ಗೊತ್ತಿರಲಿಲ್ಲ.

"ರಕ್ತದ ಕೈಲೆ ಈ ಹೊಸ್ತಿಲಾ ದಾಟಿದರ ನಾ ಒಲಿ ಹೊತ್ತಸೂದಿಲ್ಲ" ಎಂದು ಅತ್ತೆಯವರು ಒಳಗಿನಿಂದಲೇ ಹೇಳಿದರು. ನವಲಗುಂದದಲ್ಲಿ ನೌಕರಿಯಲ್ಲಿದ್ದ ನನ್ನ ಗಂಡ, "ಚಿಗರಿ ಹೊಡದರ ಜೇಲಿಗೆ ಹಾಕತಾರಪಾ" ಎಂದರು.

"ಹಾಕಲಿ. ಬರಿ ತಲೀಲೇ ಹೋಗತೀನಿ" ಎಂದರು ಮಾವನವರು.

ಬಂದೂಕು ಇದ್ದವರು ಯಾರೂ ಕೊಡಲಿಲ್ಲ. ಆಗ ಅವರಿಗೆ ತಮ್ಮ ಸೊಸೆ ಕಾಡಂಚಿನವಳು ಎಂಬುದು ನೆನಪಾಯಿತು. "ನಿಮ್ಮ ಕಡಿ ಬಿಲ್ಲ ಮಾಡತಾರಲ್ಲ ತಂಗಿ? ಬಿಲ್ಲಿನಾಗಿಂದು ನನಗ ತಿಳಿಯೂದಿಲ್ಲ. ಚಿಗರಿ ಉರುಳೂವಂಥಾದು ಒಂದು ನೀನ ನೋಡಿ ಆರಿಸಿಕೊಡು" ಎಂದರು. ಕಾಡಂಚಿನವಳಾದ ಮಾತ್ರಕ್ಕೆ ನಾನೇನು ಬಿಲ್ಲು ಕಟ್ಟಿಕೊಂಡು ಹುಟ್ಟಿರುತ್ತೇನೆಯೇ? ಆದರೆ ಮಾವನವರು ಸೊಸೆಯಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಹೂಂ ಎಂದುಬಿಟ್ಟೆ.

ಅಡಿಗೆ ಮನೆಗೆ ಹೋದರೆ ಅತ್ತೆಯವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಹತ್ತಿರ ಕರೆದರು. "ಚಿಗರಿ ಸಾಯಬಾರದು, ಇವರ ಮಾನಾನೂ ಹೋಗಬಾರದು. ಅಂಥಾದೊಂದು ಬಿಲ್ಲ ನೋಡು."

"ಅಂಥಾ ಬಿಲ್ಲು ಎಲ್ಲಿ ಸಿಗತೈತ್ರಿ ಅತ್ತಿ?"

"ಅದು ನನಗೇನ ಗೊತ್ತಬೇ? ಕಾಡಿನಾಕಿ ನೀನು" ಎಂದು ಅವರು ಮತ್ತೆ ರೊಟ್ಟಿ ಬಡಿಯತೊಡಗಿದರು.

ಹೀಗೆ ಇಬ್ಬರ ಬೇಡಿಕೆಯನ್ನೂ ಸೆರಗಿಗೆ ಕಟ್ಟಿಕೊಂಡು ಮಾವನವರ ಜೊತೆ ಬಸ್ಸು ಹತ್ತಿದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಕಲಘಟಗಿ, ಅಲ್ಲಿಂದ ನನ್ನ ತವರು. ದಾರಿಯುದ್ದಕ್ಕೂ ಅವರು ತಲೆಯ ಮೇಲೆ ಕೈ ಒಯ್ಯುವುದು, ಅಲ್ಲಿ ಏನೂ ಇಲ್ಲವೆಂದು ನೆನಪಾಗಿ ಕೈ ಇಳಿಸುವುದು ನಡೆದೇ ಇತ್ತು. ನನಗೆ ನಗುವೂ ಬಂತು, ಪಾಪವೆಂದೂ ಅನಿಸಿತು.

ಬಿಲ್ಲು ಮಾಡುವವನು ನಾನು ಸಣ್ಣವಳಿದ್ದಾಗಿನಿಂದ ಕಾಕಾ ಎಂದು ಕರೆಯುತ್ತಿದ್ದ ಮೇದಾರ. ಬುಟ್ಟಿ, ಮೊರ ಹೆಣೆಯುವುದು ಅವನ ಕಸುಬು, ಬಿಲ್ಲು ಹವ್ಯಾಸ, ಮಾತು ಇವೆರಡಕ್ಕಿಂತ ಹೆಚ್ಚು. ತನ್ನ ಬಿಲ್ಲಿನಿಂದ ಹುಲಿ ಹೊಡೆದವರ, ಆನೆ ಓಡಿಸಿದವರ ಕಥೆ ಮುಗಿಸಿದ ಮೇಲೆ ಮೂರು ಬಿಲ್ಲು ತಂದು ಚಾಪೆಯ ಮೇಲಿಟ್ಟ. ಒಂದು ಆಳೆತ್ತರದ ದಪ್ಪ ಬಿದಿರಿನದು. ಇನ್ನೊಂದು ಮಂಗ ಓಡಿಸುವ ಸಣ್ಣ ಬಿಲ್ಲು. ಬಾಣದ ಬದಲು ಕಲ್ಲು ಇಟ್ಟು ಹೊಡೆಯುವಂಥದು. ಮೂರನೆಯದರ ಎರಡೂ ತುದಿಗಳನ್ನು ಬೆಂಕಿಗೆ ಕಾಯಿಸಿ ಹೊರಕ್ಕೆ ಹೊರಳಿಸಿದ್ದ. ಅಳತೆಯಲ್ಲಿ ಗಿಡ್ಡ, ಆದರೆ ಬಲು ಜೋರಿನದು. ಅದಕ್ಕೆ ಹುರಿ ಕಟ್ಟುವಾಗ ಬಿದಿರನ್ನು ಅದರ ಬಾಗಿಗೆ ವಿರುದ್ಧವಾಗಿ ಮಣಿಸಬೇಕು. ಅದರಿಂದಲೇ ಅದಕ್ಕೆ ಶಕ್ತಿ. ಅಂಥ ಬಿಲ್ಲಿನ ಬಾಣ ಕಾಡುಹಂದಿಯ ತೊಗಲು ಹರಿದದ್ದನ್ನು ನಾನೇ ಸಣ್ಣವಳಿದ್ದಾಗ ನೋಡಿದ್ದೆ.

ಅತ್ತೆಯವರನ್ನು ನೆನೆದು ಮಂಗನ ಬಿಲ್ಲು ಎತ್ತಿ ತೋರಿಸಿದೆ. "ಇದು ಹಗುರ ಐತ್ರಿ ಮಾವಾರ, ಹಿಡೀಲಿಕ್ಕೆ ಬೇಷ."

ಅವರು ಅದರ ಕಡೆ ನೋಡಲೂ ಇಲ್ಲ. ಅವರ ಕಣ್ಣು ಮೂರನೆಯದರ ಮೇಲೆ ನೆಟ್ಟಿತ್ತು. ಅದನ್ನು ಎತ್ತಿಕೊಂಡು, ಎರಡೂ ತುದಿ ಮೇಲೆ ಬರುವಂತೆ ಹಿಡಿದು ನೋಡಿದರು, ಮುಖ ಅರಳಿತು. "ನೋಡ ತಂಗಿ, ನಮ್ಮ ಬಲಗಡಿ ಎತ್ತಿನ ಕೋಡ ಇದ್ದಂಗ ಐತಿ" ಎಂದರು. ನಿಜಕ್ಕೂ ಹಾಗೇ ಇತ್ತು. ಜೀವಮಾನದಲ್ಲಿ ಎತ್ತಲ್ಲದೆ ಬೇರೇನನ್ನೂ ಮನಸ್ಸಿಟ್ಟು ಆರಿಸದವರು ಅವರು. ಬಿಲ್ಲಿನ ಬೆನ್ನ ಮೇಲೆ ಅಂಗೈ ಆಡಿಸಿದರು, ಸುಳಿ ಹುಡುಕುವವರಂತೆ ಗಂಟುಗಳನ್ನು ನೋಡಿದರು, ಒಮ್ಮೆ ದೂರ ಇಟ್ಟು ಎದುರಿನಿಂದಲೂ ಹಿಂದಿನಿಂದಲೂ ಸುತ್ತಿ ಬಂದರು. ಹಲ್ಲು ಎಷ್ಟು ಎಂದು ಕೇಳುವುದೊಂದು ಬಾಕಿ ಇತ್ತು.

ವ್ಯಾಪಾರವೂ ದನದ ಸಂತೆಯ ರೀತಿಯಲ್ಲೇ ನಡೆಯಿತು. ಹೆಗಲ ಮೇಲಿನ ಟವೆಲ್ಲನ್ನು ಕಾಕಾನ ಕೈಯ ಮೇಲೆ ಹೊದಿಸಿ, ಅದರ ಕೆಳಗೆ ಅವನ ಬೆರಳುಗಳನ್ನು ಹಿಡಿದು ಒತ್ತಿದರು. ಎತ್ತಿನ ದಲಾಲಿಗಳು ಹಾಗೆ ಬೆರಳಿನಲ್ಲೇ ದರ ಹೇಳುತ್ತಾರೆ, ಬಾಯಿ ಬಿಡುವುದಿಲ್ಲ. ಬುಟ್ಟಿ ಮಾರುವ ಕಾಕಾನಿಗೆ ಅದೆಲ್ಲಿ ತಿಳಿಯಬೇಕು? ಅವನು ತಾನೂ ಅವರ ಕೈಯನ್ನು ಪ್ರೀತಿಯಿಂದ ಒತ್ತಿದ. ಇವರು ಇನ್ನೊಂದು ಬೆರಳು ಹಿಡಿದರು, ಅವನು ಎರಡೂ ಕೈಯಿಂದ ಹಿಡಿದುಕೊಂಡ.

"ಗೌಡ್ರ, ನಿಮ್ಮ ವಿಶ್ವಾಸ ದೊಡ್ಡದು" ಎಂದ ಕೊನೆಗೆ. "ಆದರ ಬಿಲ್ಲಿಗೆ ಏನ ಕೊಡತೀರಿ, ಅದಷ್ಟು ಬಾಯಿಲೆ ಹೇಳ್ರಿ."

ನಾನು ಕೆಮ್ಮು ಬಂದವಳಂತೆ ಹೊರಗೆ ಹೋಗಿ ಬಿದಿರು ಮೆಳೆಯ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಬರುವಾಗ ಬಿಲ್ಲನ್ನು ನನ್ನ ತಾಯಿ ಕೊಟ್ಟ ಕೌದಿಯಲ್ಲಿ ಸುತ್ತಿಕೊಂಡಿದ್ದೆವು. ಅದೇನೆಂದು ಕಂಡಕ್ಟರ್ ಕೇಳಿದಾಗ ಮಾವನವರು ಸುಳ್ಳು ಹೇಳಲಾರದೆ, ನಿಜ ಹೇಳಲೂ ಆರದೆ, "ಬಿದರಿಂದು" ಎಂದಷ್ಟೇ ಹೇಳಿದರು. ನಾನಂತೂ ಅತ್ತೆಯವರಿಗೆ ಏನು ಹೇಳಲಿ ಎಂದು ಕಿಟಕಿಯ ಹೊರಗೆ ನೋಡುತ್ತ ಕೂತೆ. ಇದ್ದ ಮೂರರಲ್ಲಿ ಚಿಗರಿಯನ್ನು ಖಂಡಿತ ಕೊಲ್ಲುವಂಥದೇ ನಮ್ಮ ಜೊತೆ ಬರುತ್ತಿತ್ತು.

ಮರುದಿನ ಅಂಗಳದಲ್ಲಿ ಮಾವನವರು ಬಿಲ್ಲಿಗೆ ಹುರಿ ಕಟ್ಟಿದರು. ಬಾಗು ಯಾವ ಕಡೆಗಿತ್ತೋ ಆ ಕಡೆಗೇ ಕಟ್ಟಿದರು, ಎತ್ತಿನ ಒಂದು ಕೋಡಿನಿಂದ ಇನ್ನೊಂದು ಕೋಡಿಗೆ ಹಗ್ಗ ಕಟ್ಟಿದ ಹಾಗೆ.

"ಮಾವಾರ, ಹಂಗಲ್ಲರಿ. ಅದನ್ನ ತಿರುವಿ ಹಿಂದಕ್ಕ ಮಣಿಸಿ ಕಟ್ಟಬೇಕ್ರಿ."

"ಕೋಡನ್ನ ಹಿಂದಕ್ಕ ಮಣಸತಾರೇನ ಯವ್ವಾ? ಮುರೀತೈತಿ" ಎಂದರು ಅವರು, ನಾನು ಅವರ ಎತ್ತಿಗೇ ಕೈ ಹಾಕಿದವಳಂತೆ ಬಿಲ್ಲನ್ನು ಎದೆಗೆ ಒತ್ತಿ ಹಿಡಿದುಕೊಂಡು.

ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಬಾಗಿಲಲ್ಲಿ ನಿಂತಿದ್ದ ಅತ್ತೆಯವರು, "ಹಿರ್ಯಾರು ಹೇಳತಾರಂದರ ಕೇಳಬೇಕವಾ" ಎಂದು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಅಂಗಳದಲ್ಲಿ ಸಗಣಿಯ ಕುಳ್ಳಿನ ರಾಶಿಗೆ ಗುರಿಯಿಟ್ಟು ಬಿಟ್ಟ ಬಾಣ ಕೋಳಿಗಿಂತ ನಿಧಾನವಾಗಿ ಹೋಗಿ ದಾರಿಯಲ್ಲೇ ಕುಳಿತಿತು. ಗಾಳಿ ಎದುರಾಗಿದೆ ಎಂದರು ಮಾವನವರು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅತ್ತೆಯವರು ಆ ದಿನ ಹೋಳಿಗೆ ಮಾಡಿದರು.

ಬೇಟೆಗೆ ಹೊರಟದ್ದು ಒಂದು ಬೆಳಗಿನ ಜಾವ. ಆ ಕಾಲದಲ್ಲಿ ಕಡಲೆ ಗಿಡದ ಮೇಲೆ ಇಬ್ಬನಿ ಬಿದ್ದು ಹುಳಿಯಾಗಿ ಕೂತಿರುತ್ತದೆ. ತೆಳ್ಳನೆಯ ಬಟ್ಟೆ ಹಾಸಿ, ಅದು ನೆನೆದ ಮೇಲೆ ಹಿಂಡಿ ಸೀಸೆಯಲ್ಲಿ ತುಂಬಿಟ್ಟರೆ ಹೊಟ್ಟೆನೋವಿಗೆ ಒಳ್ಳೆಯ ಔಷಧ. ಆ ಹುಳಿ ಹಿಡಿಯುವ ನೆಪ ಮಾಡಿ ನಾನೂ ಹೊಲಕ್ಕೆ ಹೋದೆ. ಅತ್ತೆಯವರೇ ಕಳಿಸಿದ್ದರು. ಮಾವನವರು ಬದುವಿನ ಮರೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು.

ಬೆಳಕು ಹರಿಯುವಾಗ ಹಿಂಡು ಬಂತು. ಕರಿ ಗಂಡು ಎಲ್ಲಕ್ಕಿಂತ ಮುಂದೆ, ಕಡಲೆಯನ್ನು ನಮ್ಮ ಮನೆಯ ಯಜಮಾನನಂತೆ ನೋಡುತ್ತ ಮೇಯುತ್ತ ಬದುವಿನ ಹತ್ತಿರಕ್ಕೇ ಬಂತು. ಮಾವನವರು ಎದ್ದು ಬಾಣ ಹೂಡಿ, ಹಲ್ಲು ಕಚ್ಚಿ, ತಮ್ಮ ಶಕ್ತಿಯನ್ನೆಲ್ಲ ಹಾಕಿ ಎಳೆದರು. ಹುರಿ ತುದಿಯಿಂದ ಜಾರಿತು. ಬಿಲ್ಲು ಕೈಯಲ್ಲೇ ಪಲ್ಟಿ ಹೊಡೆದು ಅವರ ಮೂಗಿಗೆ ಬಡಿಯಿತು. ಮಾವನವರು ಹಿಂದಕ್ಕೆ, ಕಡಲೆಯ ನಡುವೆ, ಅಂಗಾತ ಬಿದ್ದರು. ಬೆದರಿದ ಹಿಂಡು ಅವರ ಕಡೆಗೇ ನುಗ್ಗಿತು. ನಾನು ಬಟ್ಟೆ ಚೆಲ್ಲಿ ಓಡಿದೆ. ಅಷ್ಟರಲ್ಲಿ ಆ ಕರಿ ಗಂಡು ನೆಲ ಬಿಟ್ಟು ಮೇಲೆದ್ದು, ಮಲಗಿದ್ದ ಅವರ ಮೇಲಿಂದ ಹಾರಿ ದಾಟಿ ಹೋಯಿತು.

ಹತ್ತಿರ ಹೋದಾಗ ಅವರು ಏಳುವ ಪ್ರಯತ್ನವನ್ನೇ ಮಾಡುತ್ತಿರಲಿಲ್ಲ. ಮೂಗಿನ ಮೇಲೆ ರಕ್ತ, ಬಾಯಿತುಂಬ ನಗು. "ಅದರ ಹೊಟ್ಟಿ ಬೆಳ್ಳಗ ಐತಿ ತಂಗಿ" ಎಂದರು. "ಅಗದಿ ಹಾಲಿನಂಗ. ನಾ ಇಷ್ಟ ವರ್ಷ ಅದರ ಬೆನ್ನ ಅಷ್ಟ ನೋಡಿದ್ದೆ."

ನಾನು ಬಿಲ್ಲನ್ನು ಎತ್ತಿಕೊಂಡೆ. ಮದುವೆ ಹತ್ತಿರ ಬಂದಿತ್ತು. ಅವರ ಬರಿ ತಲೆ ಮಣ್ಣಿನಲ್ಲಿ ಹೊರಳಿ ಕೂದಲೆಲ್ಲ ಕಡಲೆ ಸೊಪ್ಪು ಹತ್ತಿತ್ತು. ಅದನ್ನು ನೋಡಲಾಗಲಿಲ್ಲ ನನಗೆ. ಅತ್ತೆಯವರ ಮಾತನ್ನೂ ಮರೆತು, "ನಾ ತಿರುವಿ ಕಟ್ಟಿಕೊಡಲೇನ್ರಿ ಮಾವಾರ?" ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಚಿಗರಿ ಹೋದ ದಿಕ್ಕಿಗೆ ನೋಡಿದರು. "ಬ್ಯಾಡವಾ. ತಿರುವಿ ಕಟ್ಟಿದರ ಬಾಣ ಅದಕ್ಕ ನಡತೈತಿ."

ಬಿಲ್ಲು ಅಟ್ಟ ಸೇರಿತು. ಹಿಂಡು ಬರುವುದು ನಿಲ್ಲಲಿಲ್ಲ; ಮಾವನವರು ಬದುವಿನ ಮೇಲೆ ನಿಂತು ಅವುಗಳನ್ನು ಬಯ್ಯುತ್ತಿದ್ದರು, ಆದರೆ ಮನೆಯ ಎತ್ತಿಗೆ ಬಯ್ಯುವ ಧಾಟಿಯಲ್ಲಿ. ಆಣೆ ಮಾತ್ರ ಹಾಗೇ ಉಳಿಯಿತು. ನನ್ನ ಗಂಡ ಹೇಳಿದರು, ಮಠದ ಅಜ್ಜಾರು ಹೇಳಿದರು, ಚಾವಡಿಯಲ್ಲಿ ನಕ್ಕವರೇ ಬಂದು ತಪ್ಪಾಯಿತೆಂದರು. "ಮಾತ ಆಡಿದವ ನಾನು" ಎನ್ನುವುದೊಂದೇ ಅವರ ಉತ್ತರ.

ಮದುವೆಯ ದಿನ ಬೀಗರ ಚಕ್ಕಡಿಗಳು ಊರ ಅಗಸಿ ಬಾಗಿಲಿಗೆ ಬಂದವು. ಬಾಜಿಯವರು ಬಾರಿಸುತ್ತಿದ್ದರು. ಗಂಡಿನ ತಂದೆ ಇಳಿದರು, ತಲೆಯ ಮೇಲೆ ದೊಡ್ಡ ಹಳದಿ ರುಮಾಲು. ಎದುರಿಗೆ ಮಾವನವರು ಹೊಸ ಧೋತರ ಉಟ್ಟು, ಎಣ್ಣೆ ಹಚ್ಚಿ ಬಾಚಿದ ಬರಿ ತಲೆಯಲ್ಲಿ. ಬಾಜಿ ತಾನಾಗಿ ನಿಂತಿತು. ಹೆಂಗಸರ ಗುಂಪಿನಲ್ಲಿ ನಾದಿನಿಯ ಕೈ ನನ್ನ ಕೈಯಲ್ಲಿತ್ತು.

"ಬೀಗರ" ಎಂದರು ಮಾವನವರು. "ಸಿಟ್ಟಿನ್ಯಾಗ ಒಂದು ಮಾತ ಆಡಿದ್ದೆ, ಚಿಗರಿ ಹೊಡೀತೀನಿ ಅಂತ. ಬಿಲ್ಲೂ ತಂದೆ. ಅದು ನನ್ನ ತುಳೀಲಾರದ ದಾಟಿ ಹೋತು. ಆಮ್ಯಾಲ ನನಗ ಹೊಡೀಲಿಕ್ಕೆ ಮನಸ ಆಗಲಿಲ್ಲ. ಸೋತವ ನಾನು, ಬರಿ ತಲೀಲೆ ನಿಂತೀನಿ. ಮಗಳದೇನೂ ತಪ್ಪಿಲ್ಲರಿ."

ಬೀಗರು ತಮ್ಮವರ ಮುಖ ನೋಡಿದರು. ಆಗ ನನ್ನ ಬಗಲಿನಿಂದ ಅತ್ತೆಯವರು ಹೊರಟರು. ಗಂಡಸರ ನಡುವೆ ತಲೆಯ ಸೆರಗು ಜಾರದಂತೆ ಗೋಡೆಯ ಪಕ್ಕ ನಡೆಯುತ್ತಿದ್ದವರು ಆ ದಿನ ನಟ್ಟನಡುವೆ ಹೋಗಿ ನಿಂತರು. ಕೈಯಲ್ಲಿ ಮಾವನವರ ಬಿಳಿ ರುಮಾಲು.

"ಬಗ್ಗರಿ" ಎಂದರು.

ಅವರು ಬಗ್ಗಿದರು. ಅತ್ತೆಯವರು ಜೀವಮಾನದಲ್ಲಿ ರುಮಾಲು ಸುತ್ತಿದವರಲ್ಲ, ದಿನಾ ಬೆಳಿಗ್ಗೆ ಸುತ್ತುವುದನ್ನು ನೋಡಿದವರು ಅಷ್ಟೇ. ಒಂದು ಸುತ್ತು ಬಿಗಿ, ಒಂದು ಸುತ್ತು ಸಡಿಲ. ಚುಂಗು ಕಿವಿಯ ಮೇಲೆ ಜೋತು ಬಿತ್ತು. "ಆಣಿ ಇವರದು, ಸುತ್ತಿದಾಕಿ ನಾನು. ಯಾರರ ಏನರ ಅನ್ನೂದಿದ್ದರ ನನಗ ಅನ್ರಿ" ಎಂದು ಹೇಳಿ, ಬಂದ ದಾರಿಯಲ್ಲೇ ತಿರುಗಿ ಬಂದು ನನ್ನ ಪಕ್ಕ ನಿಂತರು. ಬಾಜಿ ಮತ್ತೆ ಶುರುವಾಯಿತು.

ಬೀಗರು ನಗುತ್ತ ಮುಂದೆ ಬಂದು ಆ ಸೊಟ್ಟ ರುಮಾಲನ್ನು ಸರಿ ಮಾಡಲು ಕೈ ಚಾಚಿದರು. ಮಾವನವರು ಹಿಂದೆ ಸರಿದು, "ಮುಟ್ಟಬ್ಯಾಡ್ರಿ" ಎಂದರು. ಅಕ್ಕಿಕಾಳು ಬೀಳುವಾಗಲೂ, ಪಂಕ್ತಿಯಲ್ಲಿ ಬಡಿಸುವಾಗಲೂ, ಮಗಳನ್ನು ಚಕ್ಕಡಿ ಹತ್ತಿಸಿ ಅಳುವಾಗಲೂ ಅವರ ಒಂದು ಕೈ ತಲೆಯ ಮೇಲೇ ಇತ್ತು. ಮರುದಿನ ಮುಂಜಾನೆ ಹಂಡೆಗೆ ಉರಿ ಹಾಕಲು ಎದ್ದವಳು ಪಡಸಾಲೆಯಲ್ಲಿ ಅವರನ್ನು ನೋಡಿದೆ. ರುಮಾಲು ಕೆಡಬಾರದೆಂದು ಗೋಡೆಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡಿದ್ದರು.